ಮಾವನವರ ಲೋಟ ಪರೀಕ್ಷೆ

ಓಡುವಾಗ ಆ ಕಾರು ಮಹಾ ಸಾಧು. ನಿಂತಿತೋ, ಗಡಗಡ ನಡುಗಲು ಶುರು. ಸ್ಟೇರಿಂಗ್ ನಡುಗಿ, ಕನ್ನಡಿ ನಡುಗಿ, ಒಳಗೆ ಕೂತ ಡ್ರಾಯಿಂಗ್ ಮೇಷ್ಟ್ರ ಹಲ್ಲೂ ಕಟಕಟ ಎನ್ನುತ್ತಿದ್ದವು. ಬೇರೆ ದಿನವಾಗಿದ್ದರೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವತ್ತು ಮಧ್ಯಾಹ್ನ ಮಾವ ಬರುವವರಿದ್ದರು.

ಕಾರು ಮಾವ ಕೊಟ್ಟದ್ದೇ. ಬಸ್ ಡಿಪೋದಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದ ಅವರ ಬಳಿ ಒಂದೇ ಪರೀಕ್ಷೆ: ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ತುಂಬಿದ ಲೋಟ ಇಡುವುದು. ಒಂದು ಹನಿ ಚೆಲ್ಲಿದರೂ ಗಾಡಿ ಫೇಲು, ಡ್ರೈವರಿಗೆ ಮಂಗಳಾರತಿ.

"ಅಪ್ಪ ನಿನ್ನೆ ತಂಗಿ ಮನೇಲಿ ಲೋಟ ಇಟ್ಟು ನೋಡಿದ್ರಂತೆ. ಇವತ್ತು ನಮ್ಮ ಸರದಿ," ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು. "ಗಾಡಿ ಹಾಳಾಗಿದ್ರೆ ವಾಪಸ್ ತಗೊಂಡು ಹೋಗ್ತಾರಂತೆ. ಆಮೇಲೆ ನಾನು ತಂಗಿ ಮುಂದೆ ತಲೆ ಎತ್ತೋ ಹಾಗಿಲ್ಲ!"

ಮೇಷ್ಟ್ರು ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. ಅವನು ಯಾರದೋ ಮದುವೆಯಲ್ಲಿದ್ದ. "ಇಂಜಿನ್ ಕೂರಿಸೋ ರಬ್ಬರ್ ಹೋಗಿರಬಹುದು, ಸೈಲೆನ್ಸರ್ ಪೈಪ್ ಗಾಡಿ ತಳಕ್ಕೆ ತಾಗ್ತಿರಬಹುದು. ನೋಡದೆ ಏನು ಹೇಳ್ಲಿ ಸಾರ್? ನಾಳೆ ತನ್ನಿ."

ನಾಳೆಯವರೆಗೆ ಕಾಯುವ ಮಾವ ಅವರಲ್ಲ. ಮೇಷ್ಟ್ರು ಧೈರ್ಯ ಮಾಡಿ ಬಾನೆಟ್ ಎತ್ತಿದರು. ಎತ್ತಿದ ಬಾನೆಟ್ಟಿಗೆ ಬೀದಿಯನ್ನೇ ಸೆಳೆಯುವ ಶಕ್ತಿಯಿದೆ. ಮಹಡಿಯ ಮೇಲಿನ ಕಾಂಪೌಂಡರು, ಎದುರುಮನೆಯ ಟೈಲರು, ಪಕ್ಕದ ಮನೆಯ ಸಂಗೀತದ ಟೀಚರಮ್ಮ ಮೂವರೂ ಹಾಜರ್.

ಕಾಂಪೌಂಡರು ಇಂಜಿನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. "ಸಂಶಯವೇ ಇಲ್ಲ, ಸುಸ್ತು! ಎಸಿ ಆಫ್ ಮಾಡಿ." ಎಸಿ ಆಫ್ ಆಯಿತು. ನಡುಕ ಚೂರು ಇಳಿಯಿತು, ಮೇಷ್ಟ್ರ ಬೆವರು ಧಾರಾಕಾರ ಇಳಿಯಿತು.

"ಶ್ರುತಿ ಕೆಳಗಿದೆ ಅಷ್ಟೇ," ಎಂದು ಟೀಚರಮ್ಮ ಕಣ್ಣು ಮುಚ್ಚಿದರು. "ಆಕ್ಸಿಲರೇಟರ್ ಒತ್ತಿ... ಇನ್ನೂ ಮೇಲೆ... ಹಾಂ, ಅಲ್ಲೇ ಹಿಡೀರಿ!" ಕಾರು ಬೊಬ್ಬೆ ಹೊಡೆದು ಸ್ಥಿರವಾಯಿತು. ಕಾಲು ತೆಗೆದರೆ ಮತ್ತೆ ಅದೇ ಗಡಗಡ.

"ಎಲ್ಲೋ ಹೊಲಿಗೆ ಬಿಟ್ಟಿದೆ ಮೇಷ್ಟ್ರೇ," ಎನ್ನುತ್ತ ಟೈಲರು ಕಾರಿನ ಕೆಳಗೆ ತೂರಿ, ಸೈಲೆನ್ಸರ್ ಪೈಪಿಗೆ ಪೈಜಾಮದ ಎಲಾಸ್ಟಿಕ್ ಬಿಗಿದು ಬಂದರು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ನಡುಕ ಮಾತ್ರ ಹೋಗಲಿಲ್ಲ.

ಸೋತ ಮೂವರೂ ಹಿಂದಿನ ಸೀಟಿನಲ್ಲಿ ಕುಸಿದು, ತಪ್ಪು ಯಾರದೆಂದು ಜಗಳಕ್ಕೆ ಬಿದ್ದರು. ಇದ್ದಕ್ಕಿದ್ದಂತೆ ಮೇಷ್ಟ್ರು ಕಿವಿ ನಿಮಿರಿಸಿದರು. ಇಂಜಿನ್ ಚಾಲೂ ಇದೆ, ಕಾರು ಅಲುಗುತ್ತಿಲ್ಲ!

"ಟೈಲರೇ, ಸ್ವಲ್ಪ ಇಳೀರಿ!" ಟೈಲರು ಇಳಿದರು, ಗಡಗಡ. ಹತ್ತಿದರು, ಗಪ್‌ಚಿಪ್.

"ಭಾರ! ಭಾರ ಬಿದ್ರೆ ಸಾಕು!" ಮೇಷ್ಟ್ರು ಕುಣಿದಾಡಿದರು. "ದಮ್ಮಯ್ಯ, ಮಾವ ಬಂದು ಹೋಗೋವರೆಗೆ ಯಾರೂ ಇಳೀಬೇಡಿ!"

"ಭಾರ ಅಲ್ಲ, ನನ್ನ ಎಲಾಸ್ಟಿಕ್ ಈಗ ಕೂತ್ಕೊಳ್ತು," ಎಂದರು ಟೈಲರು. ಉಳಿದಿಬ್ಬರು ಅವರನ್ನು ಕೆಕ್ಕರಿಸಿ ನೋಡಿದರು.

ಮಾವ ಕೈಯಲ್ಲಿ ಸ್ಟೀಲ್ ಲೋಟ ಹಿಡಿದೇ ಬಂದರು. ಮುಂದಿನ ಸೀಟಿನಲ್ಲಿ ಕೂತು, "ಇವರೆಲ್ಲ ಯಾರು?" ಎಂದರು.

"ಮಾರ್ಕೆಟ್ ಕಡೆ ಬಿಡಬೇಕು ಮಾವ, ಪಾಪ."

ಮೊದಲ ಸಿಗ್ನಲ್ಲಿನಲ್ಲೇ ಕೆಂಪು ದೀಪ. ಮಾವ ಬಾಟಲಿ ನೀರಿನಿಂದ ಲೋಟವನ್ನು ಅಂಚಿನವರೆಗೆ ತುಂಬಿ ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಹಿಂದಿನ ಸೀಟಿನವರು ಉಸಿರು ಬಿಗಿಹಿಡಿದರು. ಮೇಷ್ಟ್ರ ಎದೆ ಇಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು. ನೀರು ಮಾತ್ರ ಅಲ್ಲಾಡಲಿಲ್ಲ.

"ಶಭಾಷ್ ಅಳಿಯಂದ್ರೇ!" ಮಾವ ಅವರ ಬೆನ್ನಿಗೆ ಗುದ್ದಿದರು. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಈಗ ನಿಜ ಹೇಳ್ತೀನಿ," ಎಂದರು ಮಾವ. "ಒಂದು ಹೊಸ ಕಾರು ಬುಕ್ ಮಾಡಿದ್ದೀನಿ. ಇಬ್ಬರು ಅಳಿಯಂದಿರಲ್ಲಿ ಯಾರ ಗಾಡಿ ಜಾಸ್ತಿ ಕೆಟ್ಟಿದೆಯೋ ಅವರಿಗೆ ಅದನ್ನ ಕೊಟ್ಟು, ಹಳೇದನ್ನ ತಗೊಂಡು ಹೋಗೋಣ ಅಂತ ಹೊರಟೆ. ಚಿಕ್ಕಳಿಯಂದ್ರ ಗಾಡೀಲಿ ಸ್ವಲ್ಪ ಚೆಲ್ತು. ನಿಮ್ಮದರಲ್ಲಿ ಲೋಟನೇ ಬೀಳುತ್ತೆ, ಹೊಸದು ನಿಮಗೇ ಅಂದ್ಕೊಂಡಿದ್ದೆ. ಇದು ನೋಡಿದ್ರೆ ಬಂಡೆ ಹಾಗೆ ಕೂತಿದೆ! ಹೊಸದು ಅವರಿಗೇ ಹೋಗಲಿ ಬಿಡಿ."

ಮೇಷ್ಟ್ರು ಸ್ಟೇರಿಂಗ್ ಬಿಟ್ಟು ಮಾವನ ಕಡೆ ತಿರುಗಿದರು. "ಮಾವಾ! ನಡುಗುತ್ತೆ ಮಾವಾ! ಇವರು ಇಳಿದ್ರೆ ಭೂಕಂಪದ ಹಾಗೆ ನಡುಗುತ್ತೆ! ರೀ, ಇಳೀರಿ ಎಲ್ಲರೂ, ಬೇಗ!"

"ಯಾಕೆ ಇಳೀಬೇಕು?" ಟೈಲರು ಕೆರಳಿದರು. "ನನ್ನ ಎಲಾಸ್ಟಿಕ್ ಹಾಕಿದ ಮೇಲೂ ನಡುಗುತ್ತಾ?"

"ನಿಮ್ಮ ಎಲಾಸ್ಟಿಕ್ ಸುಟ್ಟು ಬೂದಿಯಾಯ್ತು. ವಾಸಿ ಮಾಡಿದ್ದು ನಾನು. ಇನ್ನು ಜನ್ಮದಲ್ಲಿ ನಡುಗಲ್ಲ," ಎಂದರು ಕಾಂಪೌಂಡರು.

"ಇಬ್ರೂ ಸುಮ್ನಿರಿ. ನಾನು ಶ್ರುತಿ ಕೂರಿಸಿದ್ದು," ಎಂದು ಟೀಚರಮ್ಮ ಸೀಟಿಗೆ ಇನ್ನಷ್ಟು ಒರಗಿದರು. "ಮಾವನೋರೇ, ನಡುಗೋ ಮಾತೇ ಇಲ್ಲ. ಬೇಕಾದ್ರೆ ಬರೆದು ಕೊಡ್ತೀನಿ."

ಮಾವ ಲೋಟದ ನೀರನ್ನು ಗಟಗಟ ಕುಡಿದು, ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ರೀ, ಹೊಸ ಕಾರು ಅಂದ ತಕ್ಷಣ ಹಳೇದಕ್ಕೆ ರೋಗ ಬಂತಾ?"

ಹಸಿರು ದೀಪ ಬಿತ್ತು. ಹಿಂದಿನ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ಮೇಷ್ಟ್ರು ಗೇರ್ ಹಾಕಿ ಕಾರು ಬಿಟ್ಟರು. ದಾರಿಯುದ್ದಕ್ಕೂ ಪ್ರತಿ ಸಿಗ್ನಲ್ಲಿನಲ್ಲೂ ಅದು ಕಿಂಚಿತ್ತೂ ನಡುಗಲಿಲ್ಲ.