ಗೆರೆಯಾಚೆಯ ದೇವರು

ನಮ್ಮ ಮೇಲ್ವಿಚಾರಕಿಗೆ ಒಂದು ಅಭ್ಯಾಸ. ಮ್ಯೂಸಿಯಂಗೆ ಬಂದವರು ನೆಲದ ಗೆರೆ ದಾಟಿ ಚಿತ್ರದ ಹತ್ತಿರ ಹೋದರೆ ಆಕೆ ಮಾತಾಡುವುದಿಲ್ಲ, ಸಣ್ಣಗೆ ಕೆಮ್ಮುತ್ತಾರೆ. ಆರಡಿಯ ಗಂಡಸರೂ ಹಿಂದೆ ಸರಿಯುತ್ತಾರೆ. ಫ್ರಾಂಕ್‌ಫರ್ಟ್‌ನಲ್ಲಿ ಓದುತ್ತಾ ವಾರಾಂತ್ಯಕ್ಕೆ ಇಲ್ಲಿ ಕಾವಲು ನಿಲ್ಲುವ ನನಗೆ ಜೋರಾಗಿ ಮಾತಾಡಲು ಬಾರದು. ಹಾಗಾಗಿ ಏನಾದರೊಂದು ಆಗುತ್ತಲೇ ಇರುತ್ತದೆ.

ಕೆಮ್ಮು

ಮೊದಲ ದಿನ ನಾನೂ ಕೆಮ್ಮಿದೆ. ಗೆರೆ ದಾಟಿದ್ದ ಹೆಂಗಸು ತಿರುಗಿ ನೋಡಿ, ಮರುಕದಿಂದ ಗಂಟಲಿನ ಮಾತ್ರೆ ಕೊಟ್ಟು, ಚಿತ್ರಕ್ಕೆ ಇನ್ನೊಂದು ಹೆಜ್ಜೆ ಹತ್ತಿರ ಹೋದರು.

ಶೂ

ಈಗ ಇರುವುದು ಬ್ರೆಜಿಲ್‌ನ ಚಿತ್ರಗಳು. ಆಫ್ರಿಕಾದಿಂದ ಹಡಗಿನಲ್ಲಿ ಎಳೆದೊಯ್ದ ಗುಲಾಮರು ಅಲ್ಲೂ ಕೈಬಿಡದ ದೇವರುಗಳ ಗುರುತು: ತ್ರಿಕೋನ, ವೃತ್ತ, ಬಾಣ, ಕೊಡಲಿ.

ಮೊನ್ನೆ ಒಬ್ಬರು ಅಜ್ಜಿ ಅಳಿಯನೊಂದಿಗೆ ಬಂದರು. ಬಾಗಿಲಲ್ಲೇ ಶೂ ಬಿಚ್ಚಿದರು.

“ಅತ್ತೆ, ಇದು ದೇವಸ್ಥಾನ ಅಲ್ಲ!”

“ಬೋರ್ಡಲ್ಲಿ ಏನು ಬರ್ದಿದೆ, ಓದಿ ಅಳಿಯಂದ್ರೇ.”

“ದೇವರ ಗುರುತುಗಳು ಅಂತ.”

“ಮತ್ತೆ?”

ಅಳಿಯನೂ ಬಿಚ್ಚಿದ. ಹಿಂದೆ ಬಂದ ಜರ್ಮನ್ನರು ಎರಡು ಜೊತೆ ನೋಡಿ, ತಮ್ಮವನ್ನೂ ಸಾಲಾಗಿ ಜೋಡಿಸಿಟ್ಟು ಒಳಗೆ ನಡೆದರು. ಮೇಲ್ವಿಚಾರಕಿ ಬಂದು, “ಈ ನಿಯಮ ಯಾವಾಗಿನಿಂದ?” ಎಂದರು.

“ಈಗಿನಿಂದ,” ಎಂದೆ. ಸುಳ್ಳೇನಲ್ಲ.

ಡಾಕ್ಟರು

ಅವರ ಮಾತು ಕೇಳಿ ನಾನು ನಕ್ಕಿದ್ದನ್ನು ಅಜ್ಜಿ ಹಿಡಿದುಬಿಟ್ಟರು. “ನೋಡಿ, ಕನ್ನಡದ ಹುಡುಗಿ!” ಅಲ್ಲಿಂದ ನನ್ನ ಕೈ ಬಿಡಲಿಲ್ಲ. ಅವರ ಮಗಳಿಗೆ ಮರುದಿನ ಹಾರ್ಟ್ ಆಪರೇಷನ್. ಆಸ್ಪತ್ರೆಯಲ್ಲಿ ನೋಡಲು ಬಿಡುವ ಹೊತ್ತಿನವರೆಗೆ ಕೂತಲ್ಲಿ ಕೂರಲಾರರೆಂದು ಅಳಿಯ ಇಲ್ಲಿಗೆ ಕರೆತಂದಿದ್ದ.

“ಈ ಕೊಡಲಿಯವರು ಏನಮ್ಮ ಮಾಡ್ತಾರೆ?”

“ನ್ಯಾಯ ಕೊಡ್ತಾರಂತೆ.”

“ಕೋರ್ಟಿನವರು ಬೇಡ. ಡಾಕ್ಟರ್ ಯಾರು?”

ಕೊನೆಯ ಗೋಡೆ ತೋರಿಸಿದೆ. ಕಪ್ಪು ಬಣ್ಣದ ಮೇಲೆ ಬಿಳಿ ತ್ರಿಕೋನಗಳು, ನಡುವೆ ಒಂದು ಕೋಲು. “ರೋಗ ಕೊಡೋರೂ ಇವರೇ, ಗುಣ ಮಾಡೋರೂ ಇವರೇ ಅಂತ ಬರ್ದಿದ್ದಾರೆ.”

“ಗೊತ್ತಾಯ್ತು ಬಿಡು. ನಮ್ಮ ಮಾರಮ್ಮನ ಕಡೆಯವರು.”

ಅಜ್ಜಿ ಸೆರಗು ಹೊದ್ದು, ಗೆರೆಗೆ ಕಾಲ್ಬೆರಳು ತಾಗದಂತೆ ನಿಂತು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಅಳಿಯ ಫೋನು ಜೇಬಿಗಿಟ್ಟ. ಅವನೂ ಕೈ ಮುಗಿದ. ಸಾಕ್ಸಿನಲ್ಲಿದ್ದ ಜರ್ಮನ್ನರು ಅವರ ಹಿಂದೆ ಸಾಲಾಗಿ ನಿಂತರು.

ಆಮೇಲೆ ಅಜ್ಜಿ ಪರ್ಸಿನಿಂದ ನಿಂಬೆಹಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟರು.

“ನಾವು ಗೆರೆ ದಾಟಬಾರದು, ಸರಿ. ನೀನು ಇಲ್ಲಿಯವಳು, ಪೂಜಾರಿ ಇದ್ದ ಹಾಗೆ. ಅವರ ಪಾದದ ಹತ್ತಿರ ಇಡು.”

ತ್ರಿಕೋನಕ್ಕೆ ಪಾದವೆಲ್ಲಿ? ಬಾಗಿಲಲ್ಲಿ ಮೇಲ್ವಿಚಾರಕಿ ನನ್ನನ್ನೇ ನೋಡುತ್ತಿದ್ದರು. ನನ್ನದಿನ್ನೂ ಪ್ರೊಬೇಷನ್.

“ಒಂದೇ ಒಂದು ನಿಮಿಷ ಇಡಮ್ಮ,” ಎಂದರು ಅಜ್ಜಿ. “ನನ್ನ ಮಗಳಿಗೋಸ್ಕರ ಅಂತ ಹೇಳಿ ಇಡು. ಇಡ್ತೀಯಾ?”