ಗಂಜಿ ಹಾಕಿದ ಕಾಲರು

"ಇನ್ನು ಮೇಲೆ ನಾನು ತಲೆಯೆತ್ತಿ ಬದುಕುತ್ತೇನೆ!"

ಒಂದು ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ನಾನು ಹೀಗೆಂದು ಘೋಷಿಸಿದೆ. ಕೈಯಲ್ಲಿ ಬೆನ್ನು ಹರಿದ ಹಳೆಯ ಕಾದಂಬರಿಯೊಂದಿತ್ತು. ಹೆಂಡತಿ ಸೋಫಾದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು.

"ತಲೆ ಎತ್ತಿದ ಕೂಡ್ಲೇ ಫ್ಯಾನ್ ಕಾಣುತ್ತೆ. ಹಾಗೇ ಅದರ ಧೂಳು ಒರೆಸಿಬಿಡಿ" ಎಂದಳು.

ಮಹಾಸಂಕಲ್ಪಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ!

ನನಗೆ ಹಳೆಯ ಕಾದಂಬರಿಗಳ ಹುಚ್ಚು. ನಾಯಕ ಕುದುರೆಗಾಡಿಯಿಂದ ಇಳಿಯಬೇಕು, ನಾಯಕಿಯ ಉದ್ದನೆಯ ನಿಲುವಂಗಿ ಮೆಟ್ಟಿಲು ಗುಡಿಸುತ್ತ ಬರಬೇಕು, ಹತ್ತು ಪುಟಕ್ಕೊಮ್ಮೆ ಯಾರಾದರೂ ಮೂರ್ಛೆ ಹೋಗಬೇಕು. ಅಂಥವು. ಓದುವವರೆಲ್ಲ ಮದುವೆ ಆಗುತ್ತದೋ ಇಲ್ಲವೋ ಎಂದು ಕಾದರೆ, ನಾನು ನಾಯಕ ಮದುವೆಗೆ ಯಾವ ಕೋಟು ಹಾಕುತ್ತಾನೆ ಎಂದು ಕಾಯುವವನು! ನಮ್ಮ ಮನೆಯ ದೊಡ್ಡ ಅಲ್ಮೇರಾದಲ್ಲಿ ಇದ್ದುದೆಲ್ಲ ಈ ಕಾದಂಬರಿಗಳೇ. ಹೆಂಡತಿಯ ಸೀರೆಗಳು ಎರಡು ಕುರ್ಚಿಗಳ ಮೇಲೆ, ಮಂಚದಡಿಯ ಪೆಟ್ಟಿಗೆಯಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿ ನಿರಾಶ್ರಿತರಂತೆ ಬದುಕುತ್ತಿದ್ದವು. "ಆ ಅಲ್ಮೇರಾ ಯಾವಾಗ ಖಾಲಿ ಮಾಡ್ತೀರಿ?" ಎಂದು ಅವಳು ಕೇಳುತ್ತಿದ್ದಳು. "ಯೋಚನೆ ಮಾಡೋಣ" ಎಂದು ನಾನು ಪುಟ ತಿರುಗಿಸುತ್ತಿದ್ದೆ. ನಮ್ಮ ದಾಂಪತ್ಯದ ದಿನಚರಿ ಅದು.

ಆ ಭಾನುವಾರ ನನಗೊಂದು ಜ್ಞಾನೋದಯವಾಗಿತ್ತು. ಈ ಕಾದಂಬರಿಗಳ ನಾಯಕರು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಜಮೀನ್ದಾರ ಗದರಿದರೂ ಇಲ್ಲ, ಭಾವೀ ಮಾವ ಕೋವಿ ತೋರಿಸಿದರೂ ಇಲ್ಲ. ಏಕೆ? ಎಲ್ಲರಿಗೂ ಕಿವಿಯ ತನಕ ಎದ್ದು ನಿಂತ ಬಿಳಿಯ ಕಾಲರು! ಗುಟ್ಟೆಲ್ಲ ಅದರಲ್ಲೇ ಇದೆ!

ನನಗೋ ಅಂಥದೊಂದು ತುರ್ತಾಗಿ ಬೇಕಿತ್ತು. ಒಂದು ಟ್ರಸ್ಟು ನಡೆಸುವ ಹಳೆಯ ಗ್ರಂಥಾಲಯದಲ್ಲಿ ನಾನು ಸಹಾಯಕ. ನಮ್ಮ ಮ್ಯಾನೇಜರು ಬಾಯಿ ತೆರೆಯುವುದೇ ತಡ, ನನ್ನ ತಲೆ ಕೋಲೆ ಬಸವನಂತೆ ಮೇಲೆ ಕೆಳಗೆ ಆಡತೊಡಗುತ್ತದೆ. ಅವರು ಸೀನಿದರೂ ಒಪ್ಪಿಗೆ ಸೂಚಿಸಿದ ದಾಖಲೆ ನನ್ನದು.

ಕೆಲಸ ಶುರುವಾಯಿತು. ಹೆಂಡತಿ ಮಡಚಿಟ್ಟ ರಾಶಿಯಿಂದ ಒಂದು ಬಿಳಿ ಬಟ್ಟೆ ಎಳೆದು ಅಗಲವಾದ ಪಟ್ಟಿ ಕತ್ತರಿಸಿದೆ. ಕಾದಂಬರಿಯ ಮುದಿ ಸೇವಕ ಕಾಲರಿಗೆ ಮೂರು ಸಲ ಗಂಜಿ ಹಾಕುತ್ತಾನೆ. ನಾನೂ ಹಾಕಿದೆ. ಕಾಲರು ನಿಂತಿತು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ ನಿಂತಿತು. ಸೋಮವಾರ ಬೆಳಿಗ್ಗೆ ನೋಡಿದರೆ ಒಂದು ಮೂಲೆ ಮಡಚಿಕೊಂಡಿತ್ತು. ಆಗ ಹೊಳೆಯಿತು. ಪುಸ್ತಕಗಳ ಬೈಂಡಿಂಗಿಗೆ ಬಳಸುವ ಮೈದಾ ಅಂಟು ಡಬ್ಬಿಯಲ್ಲಿದೆಯಲ್ಲ! ಆರುನೂರು ಪುಟದ ಕಾದಂಬರಿಯನ್ನು ಹಿಡಿದು ನಿಲ್ಲಿಸುವ ಅಂಟಿಗೆ ನನ್ನ ಕತ್ತು ಯಾವ ಲೆಕ್ಕ? ಎರಡು ಪದರ ಬಳಿದೆ. ಕತ್ತಿನ ಆಕಾರಕ್ಕೆ ಸರಿಯಾಗಿ ಕೂರಲೆಂದು ಹಸಿಯಾಗಿದ್ದಾಗಲೇ ಕಟ್ಟಿಕೊಂಡು ಫ್ಯಾನಿನ ಕೆಳಗೆ ಕೂತೆ.

ಕೂತಿತು ನೋಡಿ, ಅಂಥ ಕೂರುವಿಕೆ! ಗಲ್ಲ ಛಾವಣಿ ನೋಡಿತು. ಫ್ಯಾನಿನ ಧೂಳು ಸ್ಪಷ್ಟವಾಗಿ ಕಂಡಿತು.

ಹೆಂಡತಿ ಆಸ್ಪತ್ರೆಗೆ ಹೊರಟಿದ್ದಳು. ಅವಳು ಅಲ್ಲಿ ಫಿಸಿಯೋಥೆರಪಿ ಮಾಡುವವಳು. ಬಾಗಿಲಲ್ಲಿ ಹೆಪ್ಪುಗಟ್ಟಿದವಳಂತೆ ನಿಂತಳು.

"ಏನ್ರೀ ಅದು?"

"ಕಾಲರ್!"

"ಅಯ್ಯೋ, ನನ್ನ ದಿಂಬಿನ ಕವರು! ದಿನಾ ಕತ್ತು ನೋವಿನವರಿಗೆ ಪಟ್ಟಿ ಕಟ್ಟಿ ಕಟ್ಟಿ ನನಗೆ ಸಾಕಾಗಿದೆ. ಅವರೆಲ್ಲ ಯಾವಾಗ ಬಿಚ್ತೀರಿ ಅಂತ ಗೋಳಾಡ್ತಾರೆ. ನೀವು ನೆಟ್ಟಗಿರೋ ಕತ್ತಿಗೆ ಕಟ್ಕೊಂಡು ಹಲ್ಲು ಬಿಡ್ತಿದೀರಲ್ಲ!"

"ಇದು ಇತಿಹಾಸ ಕಣೇ!"

"ಸಂಜೆ ಆ ಇತಿಹಾಸಾನ ನಾನೇ ಬಿಚ್ಚಬೇಕು, ನೋಡ್ತಿರಿ" ಎಂದು ಮೂಗು ಮುರಿದು ಹೋದಳು.

ಮಾವನವರ ಮದುವೆಯ ಕಾಲದ ಕೋಟು ತೊಟ್ಟೆ. ಕೆಳಗೆ ನೋಡಲಾಗದ್ದರಿಂದ ಚಪ್ಪಲಿ ಗೂಡಿನಲ್ಲಿ ಕಾಲಾಡಿಸಿ ಸಿಕ್ಕಿದ್ದನ್ನು ಮೆಟ್ಟಿಕೊಂಡೆ. ಬೀದಿಗಿಳಿದ ಮೇಲೆ ಕಾಲರಿನ ಪ್ರತಾಪ ಶುರುವಾಯಿತು. ದಿನವೂ ನನ್ನನ್ನು ನೋಡಿ ಬೊಗಳುವ ನಾಯಿ ಸುಮ್ಮನೆ ದಾರಿ ಬಿಟ್ಟಿತು. ಬಸ್ಸಿನಲ್ಲಿ ಒಬ್ಬರು ಮುದುಕರು ಎದ್ದು ಜಾಗ ಕೊಟ್ಟರು! ಗ್ರಂಥಾಲಯದ ಬಾಗಿಲಲ್ಲಿ ಸ್ಟೂಲಿನ ಮೇಲೆ ತೂಕಡಿಸುವ ಜವಾನ ನನ್ನನ್ನು ಕಂಡು ಮೊಟ್ಟಮೊದಲ ಬಾರಿಗೆ ಎದ್ದು ನಿಂತ. ನಾನು ತಿರುಗಿ ತಲೆಯಾಡಿಸಲಿಲ್ಲ. ಆಗಲಿಲ್ಲ! ಅವನು ಇನ್ನೂ ನೆಟ್ಟಗೆ ನಿಂತ.

ಸಿಬ್ಬಂದಿಯೆಲ್ಲ ಮೀಟಿಂಗಿಗೆ ಸೇರಿದ್ದರು. ಟ್ರಸ್ಟಿನ ಅಧ್ಯಕ್ಷೆಯೇ ಬಂದಿದ್ದರು. ವಯಸ್ಸಾದ ಹೆಂಗಸು, ಬೆಳ್ಳಿಹಿಡಿಯ ಕೋಲು, ಯಾರನ್ನೇ ನೋಡಿದರೂ ಅಡಿಯಿಂದ ಮುಡಿಯವರೆಗೆ ಅಳೆಯುವ ಕಣ್ಣು. ನನ್ನನ್ನೂ ಹಾಗೆಯೇ ಅಳೆದರು. ನಾನು ಅವರ ತಲೆಯ ಮೇಲಿನ ಗೋಡೆ ಗಡಿಯಾರವನ್ನು ಘನತೆಯಿಂದ ನೋಡಿದೆ.

ಮ್ಯಾನೇಜರು ಎದ್ದು ಗಂಟಲು ಸರಿಮಾಡಿಕೊಂಡರು. "ಹಿಂದಿನ ಕೋಣೆಯ ಹಳೇ ಕಾದಂಬರಿಗಳನ್ನ ಯಾರೂ ಮುಟ್ಟಲ್ಲ. ಅವನ್ನೆಲ್ಲ ರದ್ದಿಗೆ ಹಾಕಿ, ಅಲ್ಲೊಂದು ಕಾಫಿ ಮಿಷಿನ್, ನಾಲ್ಕು ಸೋಫಾ ಹಾಕೋಣ. ಜನ ಬರ್ತಾರೆ."

ಆ ಕೋಣೆ! ಮಧ್ಯಾಹ್ನ ಬುತ್ತಿ ಮುಗಿಸಿ ನಾನು ಓಡಿ ಹೋಗುವ ಕೋಣೆ. ಅಲ್ಲಿನ ಪ್ರತಿಯೊಂದು ಪುಸ್ತಕದ ಬೆನ್ನಿಗೂ ನಾನೇ ಅಂಟು ಬಳಿದಿದ್ದೇನೆ. ಅಲ್ಲಿ ಕುದುರೆಗಾಡಿಗಳಿವೆ, ಮೂರ್ಛೆ ಹೋಗುವ ಸುಂದರಿಯರಿದ್ದಾರೆ. ಅವರನ್ನೆಲ್ಲ ತಕ್ಕಡಿಗೆ ಹಾಕುವುದೇ? ಅಳು ಬರುವಷ್ಟು ಸಂಕಟವಾಯಿತು.

ಅಧ್ಯಕ್ಷೆ ಹೇಳಿದರು: "ನೋಡಿ, ಪುಸ್ತಕದ ಜೊತೆ ದಿನಾ ಇರೋರು ನೀವು. ನೀವೆಲ್ಲ ಒಪ್ಪಿದ್ರೆ ಸಹಿ ಹಾಕ್ತೀನಿ. ಒಬ್ಬರು ಬೇಡ ಅಂದ್ರೂ ಹಾಕಲ್ಲ."

"ಎಲ್ಲರೂ ಒಪ್ಪಿದೀರಿ ತಾನೆ?" ಎಂದು ಮ್ಯಾನೇಜರು ನಮ್ಮತ್ತ ಕಣ್ಣು ಬಿಟ್ಟರು.

ತಲೆಗಳು ಆಡಿದವು. ಸಾಲು ಸಾಲಾಗಿ, ಲಯಬದ್ಧವಾಗಿ!

ಓದುಗ ಮಹಾಶಯರೇ, ನಿಮ್ಮ ಮುಂದೆ ಸುಳ್ಳೇಕೆ? ಆ ಪುಸ್ತಕಗಳೆಂದರೆ ನನಗೆ ಪ್ರಾಣ. ಆದರೆ ಮ್ಯಾನೇಜರೆಂದರೆ ಭಯ. ನಾನೂ ತಲೆಯಾಡಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ! ಒಮ್ಮೆ ತಳ್ಳಿದೆ. ಕಾಲರು ತಡೆಯಿತು. ಇನ್ನೊಮ್ಮೆ ತಳ್ಳಿದೆ. ಗಲ್ಲ ತರಚಿತು. "ಹೂಂ" ಎನ್ನಲು ಹೋದರೆ, ತಳ್ಳಾಟಕ್ಕೆ ಮೇಲೆ ಸರಿದ ಕಾಲರು ಗಂಟಲು ಒತ್ತಿ ಉಸಿರೇ ಹೊರಡಲಿಲ್ಲ.

"ಆ ಕೋಟಿನವರು ತಲೆಯಾಡಿಸಲಿಲ್ಲ" ಎಂದರು ಅಧ್ಯಕ್ಷೆ.

ಮ್ಯಾನೇಜರು ನನ್ನ ಹತ್ತಿರ ಬಾಗಿ, "ಈ ವರ್ಷದ ಬಡ್ತಿ ಪಟ್ಟಿ ಇನ್ನೂ ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ?" ಎಂದು ಪಿಸುಗುಟ್ಟಿದರು. ಕತ್ತು ಬಾಗದಿದ್ದರೆ ಹೋಗಲಿ, ಸೊಂಟವಾದರೂ ಬಾಗಲಿ ಎಂದು ಇಡೀ ಮೈಯನ್ನು ಮುಂದಕ್ಕೆ ಬಗ್ಗಿಸಿದೆ. ಕುರ್ಚಿ ಹಿಂದಕ್ಕೆ ಜಾರಿತು. ನನ್ನ ಹಣೆ ಮೇಜಿಗೆ ಢಣ್ಣೆಂದು ಬಡಿಯಿತು! ಲೋಟಗಳು ಹಾರಿದವು. ಮ್ಯಾನೇಜರ ಕಾಫಿ ಮಿಷಿನ್ನಿನ ಬಣ್ಣದ ಚಿತ್ರದ ಮೇಲೆ ನೀರು ಹರಿಯಿತು.

"ಅಬ್ಬಾ!" ಅಧ್ಯಕ್ಷೆ ಕೋಲೂರಿ ಎದ್ದರು. "ಪುಸ್ತಕಕ್ಕೋಸ್ಕರ ಹಣೆ ಚಚ್ಚಿಕೊಳ್ಳೋರನ್ನ ಇವತ್ತೇ ನೋಡಿದ್ದು! ಒಂದು ಪುಸ್ತಕವೂ ರದ್ದಿಗೆ ಹೋಗಕೂಡದು. ಆ ಕೋಣೆಯನ್ನ ಇನ್ನೂ ದೊಡ್ಡದು ಮಾಡ್ತೀನಿ. ಇವರೇ ಅದರ ಮುಖ್ಯಸ್ಥರು. ಮನೆಗಳಲ್ಲಿ ಹಳೇ ಕಾದಂಬರಿ ಇರೋರು ತಂದು ಕೊಡಲಿ ಅಂತ ಬಾಗಿಲಿಗೆ ಬೋರ್ಡು ಹಾಕಿ."

ಚಪ್ಪಾಳೆಯೋ ಚಪ್ಪಾಳೆ! ಮ್ಯಾನೇಜರೂ ತಟ್ಟಬೇಕಾಯಿತು. ನಾನು ಹಣೆಯ ಮೇಲೆ ಬೋರೆಕಾಯಿಯಷ್ಟು ಬುಗುಟು ಹೊತ್ತು ದಿಗ್ವಿಜಯ ಮುಗಿಸಿದ ದೊರೆಯಂತೆ ಮನೆಗೆ ಬಂದೆ.

"ಇಡೀ ಗ್ರಂಥಾಲಯ ತಲೆ ತಗ್ಗಿಸಿತು, ನಾನೊಬ್ಬ ತಗ್ಗಿಸಲಿಲ್ಲ!" ಎಂದು ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು.

"ನಾನು ಬಂದು ನೋಡಿದ್ರೆ ಬಚ್ಚಲ ಮನೆ ಚಪ್ಪಲಿ ಒಂದೇ ಇತ್ತು. ಇನ್ನೊಂದು ಮೀಟಿಂಗಿಗೆ ಹೋಗಿತ್ತಾ?"

ಒಂದು ಕಾಲಲ್ಲಿ ಕರಿ ಬೂಟು. ಇನ್ನೊಂದರಲ್ಲಿ ನೀಲಿ ರಬ್ಬರ್ ಚಪ್ಪಲಿ. ದಿಗ್ವಿಜಯವೆಲ್ಲ ಇದರಲ್ಲೇ ನಡೆದಿತ್ತು!

ಅವಳು ಒದ್ದೆ ಬಟ್ಟೆ ಸುತ್ತಿದಳು, ಬಿಸಿ ಹಬೆ ಹಿಡಿದಳು. ಕಾಲರು ಜಗ್ಗಲಿಲ್ಲ. ಕೊನೆಗೆ ಆಸ್ಪತ್ರೆಯ ಚೀಲದಿಂದ ಬ್ಯಾಂಡೇಜು ಕತ್ತರಿಸುವ ಕತ್ತರಿ ತೆಗೆದಳು. ಕತ್ತಿನ ಹತ್ತಿರ ತಂದು ನಿಲ್ಲಿಸಿದಳು.

"ಅಲ್ಮೇರಾ ಖಾಲಿ ಮಾಡ್ತೀರಾ?"

"ಸಾಧ್ಯವಿಲ್ಲ!" ಎಂದೆ, ಸಣ್ಣ ದನಿಯಲ್ಲಾದರೂ ವೀರೋಚಿತವಾಗಿ.

ಕರಕರಕರ ಎಂದು ಕತ್ತರಿ ಓಡಿತು. ಕಾಲರು ನೆಲಕ್ಕೆ ಬಿದ್ದು ಟಕ್ ಎಂದಿತು. ತಣ್ಣನೆಯ ಗಾಳಿ ಕತ್ತಿಗೆ ತಾಕಿತು.

"ಈಗ ಹೇಳಿ" ಎಂದಳು.

ತಲೆ ತಾನಾಗಿಯೇ ಮೇಲೆ ಕೆಳಗೆ ಆಡಿತು.

ಎರಡು ತಿಂಗಳ ನಂತರ ಒಂದು ಶನಿವಾರ ಹೊಸ ಕೋಣೆಯ ಉದ್ಘಾಟನೆ. ಮೊದಲ ದಾನಿ ನನ್ನ ಹೆಂಡತಿ! ಅಲ್ಮೇರಾದ ಕಾದಂಬರಿಗಳೆಲ್ಲ ಪೆಟ್ಟಿಗೆಗಳಲ್ಲಿ ಬಂದಿಳಿದವು. ಮುಖ್ಯಸ್ಥನಾದ ನಾನೇ ನನ್ನ ಪುಸ್ತಕಗಳನ್ನು ಸ್ವೀಕರಿಸಿ ಅವಳಿಗೆ ಧನ್ಯವಾದ ಹೇಳಬೇಕಾಯಿತು. ಹೇಳಿದೆ. ಸತ್ಯ ಹೇಳುತ್ತೇನೆ, ಅವು ಆ ಕಪಾಟುಗಳಲ್ಲಿ ಸಾಲಾಗಿ ನಿಂತಾಗ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

"ಮೇಡಂ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು" ಎಂದಳು ಹೆಂಡತಿ ಅಧ್ಯಕ್ಷೆಗೆ. ನಾನು ಅವಳ ಸೆರಗು ಜಗ್ಗಿದೆ. "ಅವತ್ತು ಇವರ ಕತ್ತು..."

ಅಧ್ಯಕ್ಷೆ ನಕ್ಕುಬಿಟ್ಟರು. "ಚಪ್ಪಲಿ ನೋಡಿದಾಗಲೇ ಗೊತ್ತಾಯ್ತಮ್ಮ. ನಮ್ಮ ತಾತನೂ ಅಂಥದೇ ಕಾಲರ್ ಹಾಕ್ತಿದ್ರು. ಊಟಕ್ಕೆ ಕೂತ್ರೆ ತಟ್ಟೆ ಕಾಣ್ತಿರಲಿಲ್ಲ, ಅಜ್ಜಿನೇ ತುತ್ತು ಕೊಡೋರು! ಆದ್ರೆ ಆ ಪುಸ್ತಕ ಉಳಿಸೋಕೆ ನನಗೆ ಅಲ್ಲಾಡದ ತಲೆ ಒಂದು ಬೇಕಿತ್ತು. ಅದು ಧೈರ್ಯಕ್ಕೆ ನಿಂತಿದ್ರೇನು, ಗಂಜಿಗೆ ನಿಂತಿದ್ರೇನು?"

ನಾನು ಗೋಡೆ ಗಡಿಯಾರ ನೋಡಲು ಹೋದೆ. ಕತ್ತು ಏಳಲಿಲ್ಲ.

"ಸೋಮವಾರ ಮತ್ತೆ ಮೀಟಿಂಗಿದೆ" ಎಂದರು ಅವರು ಹೆಂಡತಿಯ ಕೈ ಹಿಡಿದು. "ಮ್ಯಾನೇಜರು ಇನ್ನೇನೋ ಯೋಜನೆ ತಂದಿದಾರೆ. ಇವರಿಗೆ ಗಂಜಿ ಸ್ವಲ್ಪ ಗಟ್ಟಿಯಾಗೇ ಹಾಕಿ ಕಳಿಸಮ್ಮ."

"ಕಳಿಸ್ತೀನಿ ಮೇಡಂ. ದಿಂಬಿನ ಕವರು ಮಾತ್ರ ಟ್ರಸ್ಟಿನಿಂದ ಕೊಡಿಸಿ."

ಇಬ್ಬರೂ ನನ್ನತ್ತ ತಿರುಗಿದರು. "ಆಗ್ಬಹುದು ತಾನೆ?"

ನಾನು ತಲೆಯಾಡಿಸಿದೆ.