ಕಿಟಕಿ ಮೂಲೆಯ ಕಂಪ್ಯೂಟರು

ಗೆಲುವಿಗೆ ಇನ್ನೊಂದೇ ತಿರುವು ಬಾಕಿ ಎನ್ನುವಾಗ ಲ್ಯಾಪ್‌ಟಾಪು ‘ಟುಸ್’ ಎಂದು ಕಣ್ಣು ಮುಚ್ಚಿತು. ಗೆಲುವು ಎಂದರೆ ಮೊದಲ ಸ್ಥಾನ ಎಂದುಕೊಳ್ಳಬೇಡಿ. ಮುಂದಿನ ಕಾರನ್ನು ಹಿಂದಿಕ್ಕಿ ಇಪ್ಪತ್ತೆಂಟರಿಂದ ಇಪ್ಪತ್ತೇಳಕ್ಕೆ ಏರುವ ಗೆಲುವು. ಆದರೂ ನಮ್ಮ ಪಾರ್ಸೆಲ್ ಗುಮಾಸ್ತರು ಮೇಜಿಗೆ ಗುದ್ದಿದರು.

ವಾರದ ಆರು ದಿನ ಅಂಚೆ ಕಚೇರಿಯಲ್ಲಿ ಕೂತು ಡಬ್ಬಗಳ ಮೇಲೆ ದಬ್ ದಬ್ ಎಂದು ಮುದ್ರೆ ಒತ್ತುವ ಈ ಮನುಷ್ಯ ಏಳನೆಯ ದಿನ ಕಾರು ರೇಸಿನ ಆಟಗಾರ. ಆಟದಲ್ಲಿ ಅವರು ಇಟ್ಟುಕೊಂಡ ಹೆಸರು ‘ಮಿಂಚು’. ಆ ಹೆಸರಿನ ಕೆಂಪು ಕಾರು ಎರಡು ವರ್ಷದಿಂದ ಮೂವತ್ತು ಕಾರುಗಳ ಬಾಲದಲ್ಲೇ ಓಡುತ್ತಿತ್ತು.

“ಲ್ಯಾಪ್‌ಟಾಪೇ ಸರಿಯಿಲ್ಲ ಕಣೇ! ಮುಟ್ಟಿ ನೋಡು, ಕಾದ ಕಾವಲಿ ಆಗಿದೆ. ಇಲ್ದಿದ್ರೆ ನಾನು ಯಾವತ್ತೋ ಮೊದಲ ಹತ್ತರೊಳಗೆ ಇರ್ತಿದ್ದೆ!”

ಅಡುಗೆಮನೆಗೆ ಹೋಗುವ ಇಕ್ಕಟ್ಟು ದಾರಿಯಲ್ಲಿ ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದ ಹೆಂಡತಿ ಸೂಜಿಗೆ ದಾರ ಪೋಣಿಸಲಾರದೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ಮನೆಗೆಲ್ಲ ಬೆಳಕಿರುವ ಜಾಗ ಒಂದೇ, ಕಿಟಕಿ ಪಕ್ಕದ ಮೂಲೆ. ಅಲ್ಲಿ ಗಂಡನ ಆಟದ ಮೇಜು ಬೇರು ಬಿಟ್ಟಿತ್ತು.

“ಎರಡು ವರ್ಷದಿಂದ ಇದೇ ಹಾಡು ಕೇಳ್ತಿದೀನಿ. ಇವತ್ತು ಸಂಜೆ ಆರಕ್ಕೆ ದೊಡ್ಡ ರೇಸ್ ಇದೆ ಅಂದ್ರಲ್ಲ? ಅದರಲ್ಲಿ ಮೊದಲ ಹತ್ತರೊಳಗೆ ಬನ್ನಿ, ಮೂಲೆ ಶಾಶ್ವತವಾಗಿ ನಿಮ್ದು. ಬರಲಿಲ್ವಾ, ನಾಳೆ ಬೆಳಗ್ಗೆ ನನ್ನ ಮಿಷಿನ್ನು ಅಲ್ಲಿ. ಆಟದ ಹೆಸರು ಎತ್ತೋ ಹಾಗಿಲ್ಲ.”

“ಆಗಲಿ! ಆದ್ರೆ ಬೇರೆ ಮಷೀನಲ್ಲಿ ಆಡ್ತೀನಿ.”

“ಬಾಹ್ಯಾಕಾಶ ನೌಕೆಯಲ್ಲೇ ಆಡಿ ರೀ, ನಂಗೇನು.”

ಹೆಂಡತಿಯ ತಮ್ಮ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಫೋನ್ ಮಾಡಿದ ಅರ್ಧ ಗಂಟೆಗೆ ಹಾಜರಾದ. ಅವನ ಬೆನ್ನಿಗೇ ಪಕ್ಕದ ಮನೆಯ ಡ್ರೈವರ್ ಮಾಮನೂ ಬಂದರು. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಯಾರ ಮನೆಯಲ್ಲಿ ಏನು ಕೆಟ್ಟರೂ ಅವರ ಮೂಗಿಗೆ ಮೊದಲು ವಾಸನೆ ಹೊಡೆಯುತ್ತಿತ್ತು. ಮಹಡಿಯ ಗಣಿತದ ಮೇಷ್ಟ್ರು ಕರೆಯದೆಯೇ ಇಳಿದು ಬಂದು ಇದ್ದ ಒಂದೇ ಆರಾಮಕುರ್ಚಿ ಹಿಡಿದರು.

“ಭಾವ, ಇದಕ್ಕೆ ಮೆಮೊರಿ ಹಾಕಿದ್ರೂ ಅಷ್ಟೆ, ಡಿಸ್ಕ್ ಬದಲಾಯಿಸಿದ್ರೂ ಅಷ್ಟೆ,” ಎಂದು ಭಾವಮೈದ ತೀರ್ಪು ಕೊಟ್ಟ. “ಆಟದ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡನ್ನ ಬದಲಾಯಿಸೋಕೆ ಆಗಲ್ವಲ್ಲ! ಅದು ಒಳಗೇ ಅಂಟಿಕೊಂಡಿರುತ್ತೆ. ಬಿಡಿಭಾಗ ತಂದು ಡೆಸ್ಕ್‌ಟಾಪ್ ಜೋಡಿಸೋಣ. ಅಗ್ಗದಲ್ಲಿ ಮುಗಿಯುತ್ತೆ, ರಾಕೆಟ್ ಥರ ಓಡುತ್ತೆ.”

“ಅಯ್ಯೋ, ಬಿಸಿ ಆಗುತ್ತೆ ಅಂತ ಯಾರಾದ್ರೂ ಬಸ್ಸನ್ನೇ ಗುಜರಿಗೆ ಹಾಕ್ತಾರೇನಪ್ಪಾ?” ಡ್ರೈವರ್ ಮಾಮ ಲ್ಯಾಪ್‌ಟಾಪನ್ನು ಮಗುಚಿ ಹಾಕಿ ಅದರ ಹೊಟ್ಟೆ ತಡವಿದರು. “ಮೊದಲು ರೇಡಿಯೇಟರ್ ನೋಡ್ಬೇಕು. ಗಾಳಿ ಆಡೋ ದಾರಿ ಕಟ್ಟಿಕೊಂಡಿರುತ್ತೆ.”

“ಮಾಮ, ಇದು ಬಸ್ಸಲ್ಲ!”

“ಬಿಸಿ ಯಾವುದಾದ್ರೂ ಬಿಸೀನೇ ಕಣಪ್ಪ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೇಷ್ಟ್ರು ಕಾಗದ ತರಿಸಿ ನಡುವೆ ಗೆರೆ ಹೊಡೆದು, ಒಂದು ಕಡೆ ಲ್ಯಾಪ್‌ಟಾಪು, ಇನ್ನೊಂದು ಕಡೆ ಡೆಸ್ಕ್‌ಟಾಪು ಎಂದು ಬರೆದು, ಎರಡು ಲೋಟ ಚಹಾ ಮುಗಿಯುವವರೆಗೆ ಅಂಕ ಹಾಕಿದರು. ಕೊನೆಗೆ ಎರಡೂ ಸಮ ಬಂದವು. “ಅಂದ್ರೆ ಲೆಕ್ಕ ಸರಿ ಇದೆ,” ಎಂದು ಸಂತೋಷಪಟ್ಟರು.

ಗುಮಾಸ್ತರ ಮನಸ್ಸು ಮಾತ್ರ ‘ರಾಕೆಟ್’ ಎಂಬ ಮಾತು ಕೇಳಿದಾಗಲೇ ಹಾರಿಹೋಗಿತ್ತು. ಅಂಗಿ ಹಾಕಿಕೊಂಡು ಭಾವಮೈದನ ಸ್ಕೂಟರಿನ ಹಿಂದೆ ಕೂತೇಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಮನೆಯ ನೆಲದ ತುಂಬ ಡಬ್ಬಗಳು. ದಿನಾ ಊರವರ ಡಬ್ಬಗಳನ್ನು ಮುಟ್ಟಿ ಮುಟ್ಟಿ ಸಾಕಾಗಿದ್ದ ಗುಮಾಸ್ತರಿಗೆ ತಮ್ಮದೇ ಡಬ್ಬ ಬಿಚ್ಚುವ ಖುಷಿಯಲ್ಲಿ ಕತ್ತರಿ ಹುಡುಕುವಷ್ಟೂ ತಾಳ್ಮೆ ಇರಲಿಲ್ಲ. ಮದರ್‌ಬೋರ್ಡು ಹೊರಬಂದಾಗ ಹಸುಗೂಸನ್ನು ಎತ್ತಿಕೊಂಡ ಹಾಗೆ ಎರಡೂ ಅಂಗೈಯಲ್ಲಿ ಹಿಡಿದು ನಿಂತರು. ಎಲ್ಲವನ್ನೂ ಕೂರಿಸುವ ಅಗ್ಗದ ತಗಡಿನ ಕ್ಯಾಬಿನೆಟ್ಟಿಗೆ ಹಸಿರು, ನೀಲಿ, ಕೆಂಪು ದೀಪಗಳು ಬೇರೆ.

“ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ,” ಎಂದು ಹೆಂಡತಿ ಅತ್ತ ಹೋದರು.

ಮೊದಲ ಪೆಟ್ಟು ಬಿದ್ದದ್ದು ಗ್ರಾಫಿಕ್ಸ್ ಕಾರ್ಡಿನಿಂದ. ಅದು ಕ್ಯಾಬಿನೆಟ್ಟಿಗಿಂತ ಎರಡು ಬೆರಳು ಉದ್ದ! ಮೇಷ್ಟ್ರು ಅಳತೆಪಟ್ಟಿ ಹಿಡಿದು ಮೂರು ಸಲ ಅಳೆದು, ಮೂರು ಸಲವೂ ಎರಡೇ ಬೆರಳು ಎಂದು ಖಾತ್ರಿ ಮಾಡಿದರು. ಭಾವಮೈದ ಒಳಗಿನ ತಗಡನ್ನು ಸುತ್ತಿಗೆಯಿಂದ ಬಡಿದು ಬಗ್ಗಿಸಿದ. ಕಾರ್ಡು ಕೂತಿತು, ಆದರೆ ಪಕ್ಕದ ಮುಚ್ಚಳ ಹಾಕಲು ಬರದಂತಾಯಿತು.

“ತೆರೆದೇ ಇರಲಿ ಭಾವ, ಗಾಳಿ ಚೆನ್ನಾಗಿ ಆಡುತ್ತೆ.”

ಎರಡನೆಯದು ಇನ್ನೂ ದೊಡ್ಡದು. ಎಲ್ಲ ಜೋಡಿಸಿ ಮುಗಿಸಿದ ಮೇಲೆ ಭಾವಮೈದ ಕತ್ತು ಕೆರೆದುಕೊಂಡ. “ಭಾವ, ಮಾನಿಟರ್?”

ಯಾರಿಗೂ ನೆನಪೇ ಆಗಿರಲಿಲ್ಲ! ಲ್ಯಾಪ್‌ಟಾಪಿಗೆ ಪರದೆ ಮೈಗೇ ಅಂಟಿ ಬಂದಿರುತ್ತದಲ್ಲ, ಎರಡು ವರ್ಷದಲ್ಲಿ ಗುಮಾಸ್ತರಿಗೆ ಪರದೆ ಎಂಬುದು ಬೇರೆಯೇ ಒಂದು ವಸ್ತು ಎಂಬುದೇ ಮರೆತುಹೋಗಿತ್ತು. ಗಂಟೆ ನಾಲ್ಕು. ಭಾನುವಾರ ಬೇರೆ, ಬಿಡಿಭಾಗದ ಅಂಗಡಿ ಅರ್ಧ ದಿನಕ್ಕೇ ಬಾಗಿಲು ಹಾಕಿತ್ತು.

ಬೆಳಗ್ಗೆ ಮಾತು ನಡೆಯಲಿಲ್ಲವೆಂದು ಮುಖ ಗಂಟಿಕ್ಕಿಕೊಂಡು ಬಾಗಿಲ ಬಳಿ ನಿಂತಿದ್ದ ಡ್ರೈವರ್ ಮಾಮ ಆಗ ಗಂಟಲು ಸರಿಮಾಡಿಕೊಂಡರು. “ನಮ್ಮನೇಲಿ ಟೀವಿ ಇದೆ. ನಮ್ಮವಳಿಗೆ ಅದನ್ನ ಕಂಡ್ರೆ ಆಗಲ್ಲ. ಆ ಟೀವಿ ನಿಮಗೆ, ಈ ಲ್ಯಾಪ್‌ಟಾಪ್ ನಂಗೆ. ಏನಂತೀರಿ ಸಾರ್?”

“ತಗೊಂಡು ಹೋಗಿ ಮಾಮ! ಹಾಳಾದ್ದು ಕಣ್ಣೆದುರು ಇರೋದೇ ಬೇಡ,” ಎಂದು ಗುಮಾಸ್ತರು ಲ್ಯಾಪ್‌ಟಾಪನ್ನು ಚಾರ್ಜರ್ ಸಮೇತ ಅವರ ಕೈಗಿತ್ತರು. ಹೇಳುವಾಗ ಎದೆ ಎಷ್ಟು ಹಗುರಾಯಿತೆಂದರೆ, ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟು ಬಂದರು.

ಟೀವಿ ಬಂತು. ವೈರು ಚುಚ್ಚಿದರು. ಭಾವಮೈದ ಗುಂಡಿ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಕಲ್ಲು ಬಂಡೆ. ಮೆಮೊರಿ ಕಿತ್ತು ಒರೆಸಿ ಮತ್ತೆ ಹಾಕಿದ. ಕಾರ್ಡು ಕಿತ್ತು ಊದಿ ಮತ್ತೆ ಹಾಕಿದ. ಮೇಷ್ಟ್ರು ಕೈಪಿಡಿಯ ಹನ್ನೊಂದನೆಯ ಪುಟವನ್ನು ಗಟ್ಟಿಯಾಗಿ ಓದಿದರು. ಗಂಟೆ ಐದೂವರೆ. ಗುಮಾಸ್ತರ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕತೊಡಗಿತು. ಮೂಲೆ ಹೋಯಿತು, ಆಟ ಹೋಯಿತು, ಮಾನ ಹೋಯಿತು!

“ಮದರ್‌ಬೋರ್ಡೇ ಸತ್ತಿರಬೇಕು ಭಾವ.”

“ಬಿಡ್ತು ಅನ್ನೋ!”

ಅಷ್ಟರಲ್ಲಿ ಪೊರಕೆ ಹಿಡಿದು ಬಂದ ಹೆಂಡತಿ ಡಬ್ಬಗಳ ಕಸ ಗುಡಿಸುತ್ತ ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಬಗ್ಗಿದರು. “ಇಲ್ಲೊಂದು ಸ್ವಿಚ್ಚಿದೆಯಲ್ಲ, ಇದನ್ನ ಹಾಕ್ಬಾರ್ದಾ?” ಎಂದು ಬೆರಳಲ್ಲಿ ತಟ್ಟಿದರು.

ಭರ್ರ್! ಫ್ಯಾನು ತಿರುಗಿತು, ಬಣ್ಣದ ದೀಪಗಳೆಲ್ಲ ಹತ್ತಿಕೊಂಡವು. ಮೇಷ್ಟ್ರು ಕೈಪಿಡಿ ಎಸೆದು ಚಪ್ಪಾಳೆ ಹೊಡೆದರು. ಗುಮಾಸ್ತರು ಭಾವಮೈದನನ್ನು ತಬ್ಬಿಕೊಂಡರು, ಅವನನ್ನು ಬಿಟ್ಟು ಮೇಷ್ಟ್ರನ್ನು ತಬ್ಬಿಕೊಂಡರು, ಸ್ವಿಚ್ಚು ಹಾಕಿದವರನ್ನು ಮಾತ್ರ ಮರೆತರು.

“ನನ್ನ ಹಳ್ಳ ನಾನೇ ತೋಡಿಕೊಂಡೆ,” ಎಂದು ಹೆಂಡತಿ ಪೊರಕೆ ಮೂಲೆಗಿಟ್ಟರು. ಆದರೂ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ಹಿಂದೆ ಬಂದು ನಿಂತರು. ಇಡೀ ದಿನದ ಗದ್ದಲ ನೋಡಿದ ಮೇಲೆ ಕೊನೆ ನೋಡದೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ?

ಆಟವನ್ನು ಹೊಸ ಯಂತ್ರಕ್ಕೆ ಇಳಿಸಿಕೊಳ್ಳುವಷ್ಟರಲ್ಲಿ ಆರು ಹೊಡೆದೇಬಿಟ್ಟಿತ್ತು. ಗುಮಾಸ್ತರು ಹೆಸರು, ಗುಪ್ತಪದ ಒತ್ತಿದರು. ಪರದೆಯ ಮೇಲೆ ನಾಲ್ಕು ಪದ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾದವು. ಓದಿದ್ದು ಅವರೊಬ್ಬರೇ. ‘ಮಿಂಚು ಈಗಾಗಲೇ ಓಡುತ್ತಿದ್ದಾರೆ. ವೀಕ್ಷಿಸಿ.’

ಟೀವಿಯ ತುಂಬ ರಸ್ತೆ ಹರಡಿಕೊಂಡಿತು. ಅಬ್ಬಾ, ಏನು ಬಣ್ಣ, ಏನು ವೇಗ! ನಡುವೆ ಕೆಂಪು ಕಾರು, ಅದರ ತಲೆಯ ಮೇಲೆ ‘ಮಿಂಚು’ ಎಂಬ ಹೆಸರು. ಗುಮಾಸ್ತರು ಎಡಕ್ಕೆ ಒತ್ತಿದರು. ಕಾರು ಬಲಕ್ಕೆ ಹೋಯಿತು. ಬ್ರೇಕು ಒತ್ತಿದರು. ಕಾರು ಮುಂದಿನವನನ್ನು ಹಿಂದಿಕ್ಕಿತು. ಕೈ ಎತ್ತಿಯೇಬಿಟ್ಟರು. ಕಾರು ಆರಾಮವಾಗಿ ತಿರುವು ಮುರಿದು ಇಪ್ಪತ್ತನೆಯ ಸ್ಥಾನಕ್ಕೆ ಬಂತು.

“ನೋಡಿದ್ಯಾ ಅಕ್ಕಾ, ಯಂತ್ರ ಅಂದ್ರೆ ಇದು!” ಭಾವಮೈದ ಕುಣಿದ.

ಗುಮಾಸ್ತರಿಗೆ ಆಗ ಹೊಳೆಯಿತು. ಕಾರನ್ನು ಬೇರೆ ಯಾರೋ ಓಡಿಸುತ್ತಿದ್ದಾರೆ! ಹೇಳಿಬಿಡಲೇ ಎಂದುಕೊಂಡರು. ಅಷ್ಟರಲ್ಲಿ ಕಾರು ಹದಿನಾಲ್ಕಕ್ಕೆ ಬಂತು, ಹೆಂಡತಿಯ ಕೈ ಅವರ ಹೆಗಲ ಮೇಲೆ ಬಂತು. ಮದುವೆಯಾದ ಮೇಲೆ ಆ ಕೈ ಇಷ್ಟು ಗರ್ವದಿಂದ ಅಲ್ಲಿ ಕೂತದ್ದು ಇದೇ ಮೊದಲು. ಗುಮಾಸ್ತರು ಬಾಯಿ ಮುಚ್ಚಿಕೊಂಡು, ಬೆರಳುಗಳನ್ನು ಕೀಲಿಗಳ ಮೇಲೆ ಸುಮ್ಮನೆ ಕುಟ್ಟುತ್ತ, ಹಲ್ಲು ಕಚ್ಚಿ ಅಭಿನಯಿಸತೊಡಗಿದರು.

ಆ ಕಾರಿನ ಓಟವೋ ವಿಚಿತ್ರವಾಗಿತ್ತು. ಪ್ರತಿ ತಿರುವಿಗೂ ಮುಂಚೆ ಪೋಂ ಪೋಂ ಎಂದು ಹಾರ್ನು ಹೊಡೆಯುತ್ತಿತ್ತು. ಉಳಿದವರೆಲ್ಲ ಹುಚ್ಚರ ಹಾಗೆ ನುಗ್ಗಿ ಒಬ್ಬರ ಮೇಲೊಬ್ಬರು ಬಿದ್ದು ಬೇಲಿ ಮುರಿದು ಹೊರಳುವಾಗ, ಇದೊಂದು ಸರ್ವರಿಗೂ ಜಾಗ ಬಿಟ್ಟು, ಗುಂಡಿ ತಪ್ಪಿಸಿ, ಇಳಿಜಾರಿನಲ್ಲಿ ನಿಧಾನಿಸಿ, ಗಂಭೀರವಾಗಿ ಸಾಗುತ್ತಿತ್ತು.

“ಎಂಟು!” ಮೇಷ್ಟ್ರು ಕೂಗಿದರು. “ನಾಲ್ಕು! ಎರಡು!”

“ರೀ, ಮೊದಲನೇವ್ರು ರೀ!” ಹೆಂಡತಿ ಹೆಗಲು ಹಿಡಿದು ಅಲುಗಿಸಿದರು. ಅವರ ಕಣ್ಣಲ್ಲಿ ನೀರು. “ಎರಡು ವರ್ಷ ನಿಮ್ಮನ್ನ ಆಡಿಕೊಂಡೆ. ಮೂಲೆ ನಿಮ್ದೇ. ನಾನೇ ದಿನಾ ಒರೆಸಿ ಕೊಡ್ತೀನಿ.”

“ಅದೇನು ಮಹಾ,” ಎಂದರು ಗುಮಾಸ್ತರು. ಆಹಾ, ಆ ಸುಖ! “ನಾನು ಮೊದಲಿಂದ ಹೇಳ್ತಿರಲಿಲ್ವಾ, ಎಲ್ಲ ಯಂತ್ರದ ಮೇಲಿರುತ್ತೆ ಕಣೇ.”

ಬಾಗಿಲು ದಡಾರನೆ ತೆರೆಯಿತು. ಡ್ರೈವರ್ ಮಾಮ! ಒಂದು ಕಂಕುಳಲ್ಲಿ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ಬಣ್ಣ ಬಳಿಯುವ ಬ್ರಷ್ಷು, ಮುಖದ ತುಂಬ ಧೂಳು.

“ಸಾರ್! ಹೇಳಿದ್ನಲ್ಲ, ರೇಡಿಯೇಟರೇ! ಮುಷ್ಟಿ ತುಂಬ ಧೂಳು ಬಂತು. ಈಗ ಮುಟ್ಟಿ ನೋಡಿ, ಮಡಕೆ ನೀರಿನ ಹಾಗೆ ತಣ್ಣಗಿದೆ! ಆನ್ ಮಾಡ್ದೆ, ನಿಮ್ಮ ಆಟ ತಾನಾಗೇ ತೆರೆದು, ಆಗಲೇ ಓಡ್ತಿದ್ದ ಒಂದು ಕೆಂಪು ಕಾರು ಬಂತು. ಮೂವತ್ತೈದು ವರ್ಷ ಒಂದು ಕೋಳಿಗೂ ಗುದ್ದದ ಕೈ ಇದು, ಸುಮ್ನೆ ಇರುತ್ತಾ? ಓಡಿಸ್ದೆ! ಮೊದಲನೇವ್ನು ಅಂತ ತೋರಿಸ್ತಿದೆ ನೋಡಿ!”

ಹೆಂಡತಿಯ ಕೈ ಗುಮಾಸ್ತರ ಹೆಗಲಿನಿಂದ ಮೆಲ್ಲಗೆ ಎದ್ದಿತು. ಭಾವಮೈದ ಚಾವಣಿ ನೋಡತೊಡಗಿದ.

ಅಷ್ಟರಲ್ಲಿ ಟೀವಿಯಲ್ಲಿ ದೊಡ್ಡ ಅಕ್ಷರ ಮೂಡಿತು. ಮೊದಲ ಹತ್ತು ಜನರಿಗೆ ಅಂತಿಮ ರೇಸು, ಹತ್ತು ನಿಮಿಷದಲ್ಲಿ.

“ಏಳ್ರೀ,” ಎಂದರು ಹೆಂಡತಿ.

“ಅಲ್ವೇ, ಹೆಸರು ನಂದು...”

“ಹೆಸರು ನಿಮ್ಮದೇ ಇರಲಿ. ಮಾಮನಿಗೆ ಕುರ್ಚಿ ಬಿಡಿ. ಈ ರೇಸ್ ಮುಗಿಯೋವರೆಗೂ ಮೂಲೆ ಅವರದ್ದು, ನಾಳೆ ಬೆಳಗ್ಗೆಯಿಂದ ನನ್ನ ಮಿಷಿನ್ನಿಂದು.”

ಡ್ರೈವರ್ ಮಾಮ ಸಂಕೋಚಪಡುತ್ತಲೇ ಕುರ್ಚಿಗೆ ಜಾರಿದರು. ಸೀಟು ಹಿಂದೆ ಮುಂದೆ ಸರಿಸಿಕೊಂಡರು, ಇಲ್ಲದ ಕನ್ನಡಿ ಸರಿಮಾಡಿಕೊಂಡರು, ತಮ್ಮದೇ ಟೀವಿಯಲ್ಲಿ ಹರಡಿದ ರಸ್ತೆ ನೋಡಿ ಕಣ್ಣರಳಿಸಿದರು. ಭಾವಮೈದ ಲ್ಯಾಪ್‌ಟಾಪಿನಲ್ಲಿ ಆಟ ಮುಚ್ಚಿ, ಹೊಸ ಯಂತ್ರದಲ್ಲಿ ‘ಮಿಂಚು’ ಹೆಸರಲ್ಲೇ ತೆರೆದು, ಅವರಿಗೆ ನೀರು ತಂದುಕೊಟ್ಟ. ಮೇಷ್ಟ್ರು ತಿರುವುಗಳ ಕೋನ ಲೆಕ್ಕ ಹಾಕಲು ಕೂತರು. ಪರದೆಯ ಮೇಲೆ ಹತ್ತು ಕಾರುಗಳು ಸಾಲಾಗಿ ಗುಟುರು ಹಾಕುತ್ತಿದ್ದವು, ಎಣಿಕೆ ಮೂರಕ್ಕೆ ಇಳಿದಿತ್ತು. ಮಾಮನ ಕೈ ಮಾತ್ರ ಅಲುಗಲಿಲ್ಲ.

“ಹೊರಡಿ ಮಾಮ!” ಎಲ್ಲರೂ ಕಿರುಚಿದರು.

“ಅದು ಹೆಂಗೆ ಹೊರಡೋದು? ಕಂಡಕ್ಟರ್ ಹೇಳ್ದೆ ನಾನು ಯಾವತ್ತೂ ಗಾಡಿ ಎತ್ತಿದೋನಲ್ಲ,” ಎಂದು ಮಾಮ ತಿರುಗಿ ಗುಮಾಸ್ತರ ಮುಖ ನೋಡಿದರು.

ಎಲ್ಲರೂ ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ತಮ್ಮ ಹೊಸ ಕಂಪ್ಯೂಟರನ್ನೊಮ್ಮೆ, ತಮ್ಮ ಹಳೆಯ ಲ್ಯಾಪ್‌ಟಾಪನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಕ್ಯಾಬಿನೆಟ್ಟಿನ ತಗಡನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

“ರೈಟ್... ಹೋಗಲಿ, ರೈಟ್!”